ಕಾದಂಬರಿಗೆ ಅಲಂಕಾರವೇಕೆ?

(ಒಂದು ಆಕ್ಷೇಪಕ್ಕೆ ಸಮಾಧಾನ)

ಕಳೆದ ಶ್ರಾವಣಮಾಸದಲ್ಲಿ ನಮ್ಮ ಭಾಗದ ಒಂದು ವಾಚನಗೋಷ್ಠಿಗೆ ಹೋಗುವ ಪ್ರಸಂಗವು ನನಗೆ ಒದಗಿತ್ತು. ಕನ್ನಡ ಕಾದಂಬರಿಗಳ ವಿಷಯವಾಗಿ ಮಾತುಕತೆ ನಡೆದಿರುವಾಗ ಸಭಿಕರಲ್ಲಿ ಒಬ್ಬ ಗೃಹಸ್ಥರು ಎದ್ದುನಿಂತು ಮೂರು ಮಾತುಗಳನ್ನು ಆಡಿದರು. ಅವರು ಉಚ್ಚ ಶಿಕ್ಷಣವನ್ನು ಪಡೆದವರು, ನಾಲ್ಕು ಜನರಲ್ಲಿ ಮಾನ್ಯರಾದವರು. ಒಂದನೆಯದು: ಉಪಮೆ, ರೂಪಕ, ಧ್ವನಿ ಮುಂತಾದವು ಪದ್ಯದ ಸ್ವತ್ತು, ಕಾದಂಬರಿಯು ನಡೆದದ್ದನ್ನು ನಡೆದಂತೆ ಹೇಳತಕ್ಕ ಬರವಣಿಗೆಯಾದ್ದರಿಂದ ಅದರಲ್ಲಿ ಇವನ್ನು ಹುಡುಕುವದು ವ್ಯರ್ಥ. ಎರಡನೆಯದು: ಅಲಂಕಾರಗಳ ಹೆಸರುಗಳನ್ನು ಶಾಲೆಯ ಹುಡುಗರು ಪರೀಕ್ಷೆಗೋಸ್ಕರ ಕಲಿತರೆ ಸಾಕು; ದೊಡ್ಡವರಿಗೆ ಅದರಿಂದ ಯಾವ ಉಪಯೋಗವೂ ಇಲ್ಲ, ಹೇಳುವದನ್ನು ನೆಟ್ಟಗೆ ಹೇಳುವವನೇ ಒಳ್ಳೆಯ ಲೇಖಕನು. ಮೂರನೆಯದು: ಪುಸ್ತಕದಲ್ಲಿ ಯಾವ ಪಾತ್ರದ ಬಾಯಿಂದಲೇ ಬರಲಿ, ಒಂದು ಕೆಟ್ಟ ಮಾತು ಬಂದರೆ ಅದಕ್ಕೆ ಬರೆದವನೇ ಹೊಣೆ, ಅವನು ‘ಇದು ನನ್ನ ಮಾತಲ್ಲ’ ಎಂದು ನುಣುಚಿಕೊಳ್ಳಲಾಗದು.

ಸಭೆಯು ಚಪ್ಪಾಳೆ ತಟ್ಟಿತು. ನನಗೆ ಕೊಟ್ಟ ಹೊತ್ತು ಅಷ್ಟರಲ್ಲಿ ಮುಗಿದುಹೋಗಿತ್ತು. ಆ ದಿನ ಆಡದೆ ಉಳಿದ ಉತ್ತರವು ಹೊಟ್ಟೆಯಲ್ಲಿ ಅರಗದೆ ಕುಳಿತುದರಿಂದ ಈ ಪತ್ರಿಕೆಯ ವಾಚಕರ ಮುಂದೆ ಇಡುತ್ತಿರುವೆನು. ಆ ಗೃಹಸ್ಥರ ಮೇಲೆ ನನಗೆ ಲೇಶಮಾತ್ರವೂ ದ್ವೇಷವಿಲ್ಲ. ನನ್ನ ಜಗಳವಿರುವದು ಅವರ ಮತದೊಡನೆ. ಆ ಮತಕ್ಕೆ ಬಿದ್ದ ಚಪ್ಪಾಳೆಯೊಡನೆ ಇನ್ನೂ ಹೆಚ್ಚು.

ಮೊದಲಿಗೆ ಹೆಸರಿನ ವಿಚಾರ. ಅವರು ‘ಕಾದಂಬರಿಯಲ್ಲಿ ಅಲಂಕಾರವೇಕೆ’ ಎಂದು ಕೇಳಿದರಲ್ಲವೇ? ಆ ಕಾದಂಬರಿ ಎಂಬ ಹೆಸರು ನಮಗೆ ಎಲ್ಲಿಂದ ಬಂದಿತು? ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನು ಬರೆದ ಗದ್ಯಕಥೆಯ ಹೆಸರು ಅದು. ಅದನ್ನು ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ಒಂದನೆಯ ನಾಗವರ್ಮನು ಕನ್ನಡದಲ್ಲಿ ಚಂಪುವಾಗಿ ತಂದನು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನ ಮಾದರಿಯ ದೀರ್ಘ ಗದ್ಯಕಥೆಗಳು ನಮ್ಮ ಭಾಷೆಗಳಿಗೆ ಇಳಿದು ಬಂದಾಗ ಕನ್ನಡಿಗರೂ ಮರಾಠಿಗರೂ ಆ ಹೊಸ ಜಾತಿಗೆ ಬಾಣನ ಕಥಾನಾಯಿಕೆಯ ಹೆಸರನ್ನೇ ಇಟ್ಟುಕೊಂಡರು. ಚಿಕ್ಕೋಡಿ ನಿಪ್ಪಾಣಿಗಳ ಮನೆಗಳಲ್ಲಿ ಎರಡೂ ಭಾಷೆಗಳ ಪುಸ್ತಕಗಳು ಒಂದೇ ಮಾಡದಲ್ಲಿ ಕುಳಿತಿರುವದರಿಂದ ಈ ಸಂಗತಿಯನ್ನು ನಮ್ಮವರಿಗೆ ವಿಸ್ತರಿಸಿ ಹೇಳಬೇಕಾಗಿಲ್ಲ. ಸಂಸ್ಕೃತ ಗದ್ಯದಲ್ಲಿ ಅಲಂಕಾರಸಮೃದ್ಧಿಗೆ ಹೆಸರಾದ ಕೃತಿ ಯಾವದೆಂದು ಕೇಳಿದರೆ ಪಾಠಶಾಲೆಯ ಚಿಕ್ಕ ವಿದ್ಯಾರ್ಥಿಯೂ ಕಾದಂಬರಿಯೆಂದೇ ಹೇಳುವನು. ಇಂಥ ತಾಯಿಯ ಹೆಸರನ್ನು ಹೊತ್ತುಕೊಂಡ ಮಗಳಿಗೆ ‘ನಿನ್ನ ಮನೆತನದಲ್ಲಿ ಆಭರಣವಿಲ್ಲ’ ಎಂದು ಹೇಳುವದು ಎಂಥ ನ್ಯಾಯವು?

ಶಾಸ್ತ್ರಕಾರರು ತಾನೆ ಅಲಂಕಾರವನ್ನು ಪದ್ಯಕ್ಕೆ ಕಟ್ಟಿಹಾಕಿದ್ದರೇ? ಇಲ್ಲ. ದಂಡಿಯು ಕಾವ್ಯಶರೀರವನ್ನು ಗದ್ಯ, ಪದ್ಯ, ಮಿಶ್ರ ಎಂದು ಮೂರಾಗಿ ವಿಭಾಗಿಸಿದನು; ಅವನೇ ದಶಕುಮಾರರ ಕಥೆಯನ್ನು ಗದ್ಯದಲ್ಲಿ ಬರೆದನು. ನಮ್ಮ ಕೈಗೆ ದೊರೆತ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಕವಿರಾಜಮಾರ್ಗವು ಸುಮಾರು 850ರಲ್ಲಿ ಹುಟ್ಟಿದ ಅಲಂಕಾರಗ್ರಂಥವಷ್ಟೆ. ಅದರಲ್ಲಿ ಕನ್ನಡದ ಪದ್ಯಕವಿಗಳನ್ನು ಹೆಸರಿಸುವ ಮುಂಚೆ ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮುಂತಾದ ಗದ್ಯಕಾರರನ್ನು ಹೆಸರಿಸಿದೆ. ಗದ್ಯವೇ ಕವಿಗೆ ಒರೆಗಲ್ಲು ಎಂಬ ಅಭಿಪ್ರಾಯವೂ ನಮ್ಮಲ್ಲಿ ಹಳೆಯದೇ. ಆದ್ದರಿಂದ ‘ಅಲಂಕಾರವು ಪದ್ಯದ ಸ್ವತ್ತು’ ಎಂಬ ಕಾಗದಪತ್ರವು ಎಲ್ಲಿ ನೋಂದಣಿಯಾಗಿದೆಯೋ ನನಗೆ ತಿಳಿಯದು. ಶಾಸ್ತ್ರದ ಕಚೇರಿಯಲ್ಲಂತೂ ಅದಿಲ್ಲ.

ಇನ್ನು ‘ನೆಟ್ಟಗೆ ಹೇಳಬೇಕು’ ಎಂಬ ಮಾತನ್ನು ಪರೀಕ್ಷಿಸೋಣ. ನಾವು ದಿನಾಲು ನೆಟ್ಟಗೆ ಮಾತನಾಡುತ್ತೇವೆಯೇ? ಊಟದ ಹೊತ್ತು ಮೀರಿ ಬಂದ ಮಗನಿಗೆ ತಾಯಿಯು ‘ಭಾಳ ಲಗೂ ಬಂದ್ಯಪಾ ಶಾಣ್ಯಾ!’ ಎನ್ನುವಳು. ಅದು ಹೊಗಳಿಕೆಯೆಂದು ತಿಳಿದು ಉಬ್ಬುವ ಮಗನನ್ನು ನಾನು ಇದುವರೆಗೆ ಕಂಡಿಲ್ಲ. ಇದಕ್ಕೆ ಶಾಸ್ತ್ರದಲ್ಲಿ ವಿಪರೀತಲಕ್ಷಣೆ ಎಂದು ಹೆಸರು. ‘ಊರಿಗೆ ಊರೇ ಅತ್ತಿತು’ ಎನ್ನುತ್ತೇವೆ. ಗೋಡೆಗಳು ಅಳಲಿಲ್ಲವೆಂಬದು ಎಲ್ಲರಿಗೂ ಗೊತ್ತು. ‘ಕುಡಚಿ ಎಲ್ಲಿದೆ?’ ಎಂದರೆ ‘ಕೃಷ್ಣೆಯ ಮೇಲೆ’ ಎನ್ನುತ್ತೇವೆ. ಉಗಾರ, ಯಡೂರಗಳ ಮಾತೂ ಅಷ್ಟೇ. ನೀರಿನ ಮೇಲೆ ಊರು ನಿಲ್ಲಲಾರದು. ಆದ್ದರಿಂದ ಮುಖ್ಯಾರ್ಥಕ್ಕೆ ಬಾಧೆ ಬಂದಿತು. ನದಿಗೆ ಸೇರಿದ ದಂಡೆ ಎಂಬ ಸಂಬಂಧದಿಂದ ಬೇರೊಂದು ಅರ್ಥಕ್ಕೆ ಹೋದೆವು. ಹಾಗೆ ಹೋಗುವದಕ್ಕೆ ಕಾರಣವೂ ಇದೆ, ಊರಿಗೂ ಹೊಳೆಗೂ ಇರುವ ಸಾಮೀಪ್ಯವು ‘ದಂಡೆಯಲ್ಲಿದೆ’ ಎಂದರೆ ಅಷ್ಟು ತೋರದು. ಮುಖ್ಯಾರ್ಥಬಾಧೆ, ತದ್ಯೋಗ, ರೂಢಿ ಅಥವಾ ಪ್ರಯೋಜನ ಎಂದು ಮಮ್ಮಟನು ಹನ್ನೊಂದನೆಯ ಶತಮಾನದಲ್ಲಿ ಹೇಳಿದ ಲಕ್ಷಣೆಯ ಮೂರು ಅಂಗಗಳು ಇವೇ. ಗಂಗೆಯಲ್ಲಿ ಗೊಲ್ಲರ ಹಟ್ಟಿ ಎಂಬ ಶಾಸ್ತ್ರದ ಹಳೆಯ ಉದಾಹರಣೆಯನ್ನು ನಾನು ಕೃಷ್ಣೆಗೆ ತಂದೆನು, ಅಷ್ಟೇ. 2019ರ ಆಗಸ್ಟಿನಲ್ಲಿ ಕೃಷ್ಣೆಯೂ ಅವಳ ಉಪನದಿಗಳೂ ಉಕ್ಕಿ ಈ ತಾಲೂಕುಗಳ ಹೊಳೆಸಾಲಿನ ಊರುಗಳಲ್ಲಿ ನುಗ್ಗಿದಾಗ, ‘ಹೊಳೆಯ ಮೇಲಿನ ಊರು’ ಎಂಬ ಲಕ್ಷಣೆಯು ಕೆಲವು ದಿನ ವಾಚ್ಯಾರ್ಥವೇ ಆಗಿಹೋಯಿತು. ಅದನ್ನು ಕಣ್ಣಾರೆ ಕಂಡವರಿಗೆ ಮಾತಿನ ಎರಡು ಅರ್ಥಗಳ ನಡುವಿನ ಅಂತರವು ಎಷ್ಟು ತೆಳ್ಳಗಿನದು, ಎಷ್ಟು ಭಯಂಕರವಾದದ್ದು ಎಂಬದನ್ನು ನಾನು ಕಲಿಸಬೇಕಾಗಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ವ್ಯಂಜನೆ. ‘ಹೊತ್ತು ಮುಳುಗಿತು’ ಎಂಬ ಒಂದು ಮಾತು ಕೇಳುವವರಿಗೆ ತಕ್ಕಂತೆ ಬೇರೆ ಬೇರೆ ಅರ್ಥವನ್ನು ಕೊಡುವದೆಂದು ಆಲಂಕಾರಿಕರು ತೋರಿಸಿರುವರು. ನಮ್ಮ ಭಾಗದಲ್ಲಿಯೇ ನೋಡಿರಿ. ನಿಪ್ಪಾಣಿಯಲ್ಲಿ ತಂಬಾಕು ಹಸನು ಮಾಡುವ ಹೆಣ್ಣುಮಗಳಿಗೆ ಅದು ‘ಇಂದಿನ ಕೂಲಿ ಮುಗಿಯಿತು’ ಎಂದಾಗುತ್ತದೆ. ಶೇಡಬಾಳದ ಜೈನರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಉಣ್ಣದ ನಿಯಮವಿರುವದರಿಂದ ‘ಇನ್ನು ಊಟವಿಲ್ಲ’ ಎಂದಾಗುತ್ತದೆ. ಪಾಠಶಾಲೆಯ ವಟುವಿಗೆ ‘ಸಂಧ್ಯಾವಂದನೆಗೆ ಏಳು’ ಎಂದಾಗುತ್ತದೆ. ಮಗಳು ಇನ್ನೂ ಮನೆಗೆ ಬಾರದೆ ಇರುವ ತಾಯಿಗೆ ಏನಾಗುತ್ತದೆಂಬದನ್ನು ಹೇಳುವದೇ ಬೇಡ. ಮಾತು ಒಂದೇ, ಅಕ್ಷರಗಳು ಅವೇ. ಹೇಳುವವರು ಯಾರು, ಕೇಳುವವರು ಯಾರು, ಪ್ರಕರಣವೇನು ಎಂಬವುಗಳಿಂದ ಅರ್ಥವು ಬೇರೆಯಾಯಿತು. ದಿನದ ಮಾತಿನಲ್ಲಿ ಇಷ್ಟು ನಿಪುಣರಾಗಿರುವ ನಾವು ಪುಸ್ತಕವನ್ನು ತೆರೆದ ಕೂಡಲೆ ಮಂದಬುದ್ಧಿಗಳಾಗಬೇಕೆಂದು ಆ ಗೃಹಸ್ಥರ ಅಪೇಕ್ಷೆಯೇ?

ಕಾದಂಬರಿಯಲ್ಲಿ ಈ ವ್ಯಾಪಾರವು ಪದ್ಯಕ್ಕಿಂತ ಬೇರೆ ತೆರನಾಗಿ ನಡೆಯುವದೆಂಬದು ಮಾತ್ರ ನಿಜ. ಆಕ್ಷೇಪಕರು ಎಡವಿದ್ದು ಇಲ್ಲಿಯೇ. ಪದ್ಯದಲ್ಲಿ ಅಲಂಕಾರವು ಒಂದು ಸಾಲಿನಲ್ಲಿ ಕುಳಿತಿರುತ್ತದೆ, ಬೆರಳಿಟ್ಟು ತೋರಿಸಬಹುದು. ಕಾದಂಬರಿಯಲ್ಲಿ ಅದು ನೂರು ಪುಟಗಳಲ್ಲಿ ಹರಡಿಕೊಂಡಿರುತ್ತದೆ, ಬೆರಳು ಸಾಲದು. ಹಾಗೆಂದು ಅದು ಇಲ್ಲವೆನ್ನುವದು, ಗಾಳಿಯನ್ನು ಹಿಡಿಯಲಾಗದೆಂದು ಗಾಳಿಯೇ ಇಲ್ಲವೆಂದಂತೆ. ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯು ವರ್ಣ, ಪದ, ವಾಕ್ಯಗಳಿಂದ ಮೊದಲುಮಾಡಿ ಇಡೀ ಪ್ರಬಂಧದವರೆಗೂ ವ್ಯಾಪಿಸಬಲ್ಲದೆಂದು ಹೇಳಿದನು. ಯಾದವರ ನಾಶ, ಪಾಂಡವರ ಕೊನೆಯ ಪಯಣ ಇವುಗಳಲ್ಲಿ ಮುಗಿಯುವ ಮಹಾಭಾರತವು ಇಡಿಯಾಗಿ ವೈರಾಗ್ಯವನ್ನೂ ಶಾಂತವನ್ನೂ ಧ್ವನಿಸುವದೆಂದು ಅವನು ತೋರಿಸಿದನು. ಅನಂತರ ಬಂದ ಕುಂತಕನು ಪ್ರಕರಣವಕ್ರತೆ, ಪ್ರಬಂಧವಕ್ರತೆ ಎಂದು ಬೇರೆ ಹೆಸರುಗಳಿಂದ ಕಥೆಯ ಕಟ್ಟಡದಲ್ಲಿಯೇ ಇರುವ ಚಮತ್ಕಾರವನ್ನು ವಿವರಿಸಿದನು. ಕಾದಂಬರಿಯನ್ನು ಓದುವದಕ್ಕೆ ಇದಕ್ಕಿಂತ ತಕ್ಕ ಸಾಧನ ಯಾವದು? ನಮ್ಮ ಅಟ್ಟದ ಮೇಲೆ ಬಿದ್ದ ಈ ಸಾಧನವನ್ನು ಇಳಿಸಿಕೊಳ್ಳದೆ, ಪರದೇಶದಿಂದ ಬಂದ ಹೆಸರುಗಳನ್ನು ಅರೆಬರೆ ಉಚ್ಚರಿಸುವವರ ಮೇಲೆಯೂ ನನಗೆ ಮುನಿಸಿದೆ, ಅದು ಮುಂದೆ.

ಉದಾಹರಣೆಗೆ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆಗೆದುಕೊಳ್ಳಿರಿ, 1933ರಲ್ಲಿ ಪ್ರಕಟವಾದದ್ದು, ಅನೇಕರು ಓದಿರುವಂಥದ್ದು. ಚೋಮನು ಅಸ್ಪೃಶ್ಯ ಜೀತಗಾರನು. ಅವನಿಗೆ ತುಂಡು ಭೂಮಿಯ ಬೇಸಾಯ ಮಾಡಬೇಕೆಂಬ ಒಂದೇ ಆಸೆ, ಎತ್ತುಗಳಿವೆ, ಭೂಮಿಯಿಲ್ಲ. ಒಡೆಯನ ಮುಂದೆ ಅವನಿಗೆ ಮಾತಿಲ್ಲ. ಮನೆಗೆ ಬಂದು ದುಡಿಯನ್ನು ಬಾರಿಸುವನು. ನೆಟ್ಟಗೆ ಓದುವವನಿಗೆ ದುಡಿಯೆಂದರೆ ತೊಗಲು ಕಟ್ಟಿದ ವಾದ್ಯ. ಚೋಮನಿಗೆ ವಾದ್ಯದ ಹುಚ್ಚು. ಕಥೆಯನ್ನು ಬಲ್ಲವನಿಗೆ ಆ ದುಡಿಯು ಒಡೆಯನ ಮುಂದೆ ಆಡಲಾಗದೆ ಉಳಿದ ಮಾತು. ಸಿಟ್ಟು, ಸಂತೋಷ, ದುಃಖ ಎಲ್ಲಕ್ಕೂ ಅದೊಂದೇ ಬಾಯಿ. ಕಾದಂಬರಿಯ ಹೆಸರಿನಲ್ಲಿ ಚೋಮನ ಜೊತೆಗೆ ದುಡಿಯನ್ನೇಕೆ ಸೇರಿಸಿದರು ಎಂದು ಒಂದು ಗಳಿಗೆ ಯೋಚಿಸಿದವನಿಗೆ ಇದು ತಾನೇ ಹೊಳೆಯುವದು. ‘ಚೋಮನಿಗೆ ಬಹಳ ದುಃಖವಾಯಿತು’ ಎಂದು ನೆಟ್ಟಗೆ ಬರೆದಿದ್ದರೆ ಅದು ಒಂದು ವರದಿಯಾಗುತ್ತಿತ್ತು; ಓದಿದ ಮರುದಿನವೇ ಮರೆತುಹೋಗುತ್ತಿತ್ತು.

ಹೆಸರಿನ ಮಾತು ಬಂದಿತೆಂದು ಇನ್ನೆರಡನ್ನು ಹೇಳುವೆನು. 1965ರಲ್ಲಿ ಬಂದ ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ಆ ಒಂದು ಶಬ್ದಕ್ಕೆ ಹೆಣದ ಅಂತ್ಯಕ್ರಿಯೆ, ಮನುಷ್ಯನಿಗೆ ಶಿಕ್ಷಣದಿಂದ ಬಂದ ಪರಿಷ್ಕಾರ, ಚಿತ್ತದಲ್ಲಿ ಅಂಟಿದ ಹಳೆಯ ವಾಸನೆ ಎಂಬ ಮೂರು ಅರ್ಥಗಳೂ ಕೆಲಸ ಮಾಡುತ್ತವೆ. ಮೊದಲನೆಯದೊಂದನ್ನೇ ಹಿಡಿದವನು ಪುಸ್ತಕದ ಹೊಸ್ತಿಲಲ್ಲಿಯೇ ಕುಳಿತಂತೆ. ಕೃಷ್ಣಾತೀರದ ನಾಡಿನವರೇ ಆದ ರಾವಬಹಾದ್ದೂರರು 1957ರಲ್ಲಿ ಪ್ರಕಟಿಸಿದ ಕಾದಂಬರಿಗೆ ‘ಗ್ರಾಮಾಯಣ’ವೆಂದು ಹೆಸರಿಟ್ಟರು. ಕಿವಿಯುಳ್ಳವನಿಗೆ ಅದರಲ್ಲಿ ಇನ್ನೊಂದು ಮಹಾಕಾವ್ಯದ ಹೆಸರು ಕೇಳಿಸುವದು; ಕೇಳಿಸಿದೊಡನೆ ಈ ಹಳ್ಳಿಯಲ್ಲಿ ರಾಮನಾರು, ರಾಜ್ಯವೆಲ್ಲಿ ಎಂಬ ಕಹಿಯಾದ ಪ್ರಶ್ನೆಯೂ ಏಳುವದು.

ನಮ್ಮವರೇ ಆದ ಮಿರ್ಜಿ ಅಣ್ಣಾರಾಯರ ವಿಷಯವನ್ನು ಬಿಟ್ಟು ಮುಂದೆ ಹೋಗಲಾರೆನು. ಇಂದು ಕಾಗವಾಡ ತಾಲೂಕಿಗೆ ಸೇರಿದ ಶೇಡಬಾಳದಲ್ಲಿ 1918ರಲ್ಲಿ ಹುಟ್ಟಿ, ಶಾಲಾಮಾಸ್ತರರಾಗಿ ಬಾಳಿದ ಅವರು ‘ನಿಸರ್ಗ’ ಎಂಬ ಕಾದಂಬರಿಯಲ್ಲಿ ಈ ಗಡಿನಾಡಿನ ಜೈನ ಒಕ್ಕಲಿಗರ ಬಾಳನ್ನು ಇಲ್ಲಿಯ ಆಡುಮಾತಿನಲ್ಲಿಯೇ ಚಿತ್ರಿಸಿದರು. ‘ಅದು ಹಳ್ಳಿಯ ಮಾತು, ಅದರಲ್ಲೇನು ಅಲಂಕಾರ’ ಎಂದು ಹೇಳುವ ಸುಶಿಕ್ಷಿತರನ್ನು ನಾನು ಬಲ್ಲೆನು. ಅವರಿಗೆ ನನ್ನದೊಂದು ಪ್ರಶ್ನೆ. ನಿಸರ್ಗವೆಂದರೇನು? ಇಂದಿನ ಬಳಕೆಯಲ್ಲಿ ಗಿಡ, ಹೊಲ, ಹೊಳೆ, ಮಳೆಗಳುಳ್ಳ ಹೊರಗಿನ ಪ್ರಕೃತಿ. ಸಂಸ್ಕೃತದಲ್ಲಿ ಹುಟ್ಟುಗುಣ, ಸ್ವಭಾವ. ಹೊರಗಿನ ಪ್ರಕೃತಿಯೂ ಮನುಷ್ಯನ ಒಳಗಿನ ಪ್ರಕೃತಿಯೂ ಒಂದೇ ಹೆಸರಿನಡಿಯಲ್ಲಿ ನಿಂತಿರುವದನ್ನು ಕಂಡು ಪುಸ್ತಕವನ್ನು ತೆರೆಯುವವನು ಒಂದು ಬಗೆಯ ಓದುಗನು; ಕಾಣದೆ ತೆರೆಯುವವನು ಇನ್ನೊಂದು ಬಗೆಯವನು. ಇನ್ನು ಆಡುಮಾತಿನ ಮಾತು: ಹೊಟ್ಟೆಕಿಚ್ಚು, ಕಣ್ಣಿಗೆ ಮಣ್ಣೆರಚುವದು, ಕೈಕೊಡುವದು, ತಲೆತಿನ್ನುವದು, ಬಾಯಿಗೆ ಬೀಗ ಹಾಕುವದು, ಇವೆಲ್ಲ ಯಾವ ಪಂಡಿತನು ಟಂಕಿಸಿದ ಲಕ್ಷಣೆಗಳು? ಒಕ್ಕಲಿಗನ ಮನೆಯ ಪಡಸಾಲೆಯಲ್ಲಿ ಒಂದು ಸಂಜೆ ಕುಳಿತರೆ ಸಿಗುವಷ್ಟು ರೂಪಕಗಳು ನಮ್ಮ ಸಭೆಗಳ ಭಾಷಣಗಳಲ್ಲಿ ಒಂದು ವರ್ಷ ಕುಳಿತರೂ ಸಿಗವು.

ಈಗ ಮೂರನೆಯ ಆಕ್ಷೇಪಕ್ಕೆ ಬರುವೆನು. ಕೇವಲ ರಸಾಸ್ವಾದದ ಮಾತಾಗಿರದೆ ಸಮಾಜದ ಶಾಂತಿಗೂ ಇದು ಸಂಬಂಧಿಸಿದ್ದು. ಪಾತ್ರದ ಮಾತಿಗೆ ಕವಿಯೇ ಹೊಣೆಯೆಂದರೆ ಶಕುನಿಯ ಮಾತುಗಳಿಗೆ ವ್ಯಾಸರನ್ನೂ, ಮಂಥರೆಯ ಮಾತುಗಳಿಗೆ ವಾಲ್ಮೀಕಿಯನ್ನೂ ಕಟಕಟೆಯಲ್ಲಿ ನಿಲ್ಲಿಸಬೇಕಾದೀತು. ನಮ್ಮ ಪೂರ್ವಿಕರು ಈ ವಿಷಯದಲ್ಲಿ ನಮಗಿಂತ ಜಾಣರಾಗಿದ್ದರು. ಕವಿಯ ಪ್ರೌಢೋಕ್ತಿ ಬೇರೆ, ಕವಿಯು ಕಲ್ಪಿಸಿದ ಪಾತ್ರದ ಪ್ರೌಢೋಕ್ತಿ ಬೇರೆ ಎಂದು ಅವರು ವಿಂಗಡಿಸಿ ಇಟ್ಟರು; ಎರಡನೆಯದಕ್ಕೆ ‘ಕವಿನಿಬದ್ಧವಕ್ತೃಪ್ರೌಢೋಕ್ತಿ’ ಎಂಬ ಉದ್ದವಾದ ಹೆಸರನ್ನೇ ಕೊಟ್ಟರು. ಹೆಸರು ಉದ್ದವಾಯಿತೆಂದು ನಗಬೇಡಿರಿ. ಆ ಉದ್ದದ ಹೆಸರಿನೊಳಗೆ ಲೇಖಕನ ಪ್ರಾಣರಕ್ಷಣೆಯಿದೆ. ಸಾವಿರ ವರ್ಷಗಳ ಕೆಳಗೆ ಪಾಠಶಾಲೆಯ ಹುಡುಗನಿಗೆ ತಿಳಿದಿದ್ದ ಈ ಭೇದವು ಇಂದು ಪದವೀಧರರಿಗೆ ತಿಳಿಯದೆ ಹೋದರೆ ನಾವು ಮುಂದಕ್ಕೆ ಬಂದೆವೋ ಹಿಂದಕ್ಕೆ ಸರಿದೆವೋ?

ಈ ಪ್ರಸಂಗದಲ್ಲಿ ನಮ್ಮ ಚಿಕ್ಕೋಡಿ ಸೀಮೆಯ ಇನ್ನೊಬ್ಬ ಮಹನೀಯರನ್ನು ನೆನೆಯಬೇಕು. 1906ರಲ್ಲಿ ಸದಲಗೆಯಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ಪ್ರಾಕೃತ ವಿದ್ಯೆಯಲ್ಲಿ ಲೋಕಮಾನ್ಯತೆಯನ್ನು ಪಡೆದ ಡಾ. ಆ. ನೇ. ಉಪಾಧ್ಯೆಯವರು, ಎಂಟನೆಯ ಶತಮಾನದ ಹರಿಭದ್ರಸೂರಿಯ ‘ಧೂರ್ತಾಖ್ಯಾನ’ವನ್ನು ಕುರಿತು ವಿಮರ್ಶಾತ್ಮಕ ಅಧ್ಯಯನವೊಂದನ್ನು 1944ರಲ್ಲಿ ಹೊರತಂದರು. ಅದರ ಕಥೆ ವಿನೋದದ್ದು. ಉಜ್ಜಯಿನಿಯ ಉದ್ಯಾನದಲ್ಲಿ ಮಳೆಗೆ ಸಿಕ್ಕ ಐವರು ಧೂರ್ತರು ಒಂದು ಪಣವನ್ನು ಕಟ್ಟುವರು: ಒಬ್ಬೊಬ್ಬರು ಒಂದೊಂದು ಅದ್ಭುತ ಕಥೆಯನ್ನು ಹೇಳಬೇಕು, ಅದನ್ನು ಸುಳ್ಳೆಂದವನು ಎಲ್ಲರಿಗೂ ಊಟ ಹಾಕಬೇಕು. ಕೇಳಿದವರು ಪ್ರತಿ ಸುಳ್ಳಿಗೂ ಇತಿಹಾಸ ಪುರಾಣಗಳಿಂದ ಆಧಾರ ಕೊಟ್ಟು ‘ಇದು ನಿಜವೇ’ ಎನ್ನುತ್ತ ಹೋಗುವರು. ಕೊನೆಗೆ ಗೆಲ್ಲುವವಳು ಖಂಡಪಾನಾ ಎಂಬ ಹೆಂಗಸು. ಯಾವ ಮತದ ಕಥೆ ಮೇಲು, ಯಾವದು ಕೀಳು ಎಂಬ ವಾದವು ನನ್ನದಲ್ಲ; ನನ್ನ ಶ್ರದ್ಧೆಯು ನನಗಿದೆ. ನಾನು ತೋರಿಸುವದು ಇಷ್ಟೇ. ಈ ಪುಸ್ತಕದಲ್ಲಿ ‘ನಿಜ, ನಿಜ’ ಎಂದು ಧೂರ್ತರು ಹೇಳುತ್ತಾರೆ; ಗ್ರಂಥಕರ್ತನ ಅಭಿಪ್ರಾಯವು ಅದಕ್ಕೆ ತಿರುಗುಮುರುಗು. ನೆಟ್ಟಗೆ ಓದುವವನು ಹರಿಭದ್ರನು ಆ ಕಥೆಗಳನ್ನೆಲ್ಲ ಸತ್ಯವೆಂದು ಸಾಧಿಸಿದನೆಂದೇ ತಿಳಿದಾನು! ವ್ಯಂಗ್ಯವನ್ನು ಅರಿಯದವನಿಗೆ ಗ್ರಂಥವು ತಲೆಕೆಳಗಾಗಿ ಕಾಣುವದು. ಅವನು ಮಿತ್ರನನ್ನು ಶತ್ರುವೆಂದೂ ಶತ್ರುವನ್ನು ಮಿತ್ರನೆಂದೂ ಬಗೆಯುವನು.

ಅದೇ ಉಪಾಧ್ಯೆಯವರು ಸಂಪಾದಿಸಿದ ಉದ್ದ್ಯೋತನಸೂರಿಯ ‘ಕುವಲಯಮಾಲಾ’ 779ರಲ್ಲಿ ರಚಿತವಾದದ್ದು. ಅದರಲ್ಲಿ ಚಂಡಸೋಮ, ಮಾನಭಟ, ಮಾಯಾದಿತ್ಯ, ಲೋಭದೇವ, ಮೋಹದತ್ತ ಎಂಬ ಐವರು ಬರುವರು. ಕ್ರೋಧ, ಮಾನ, ಮಾಯೆ, ಲೋಭ, ಮೋಹಗಳೇ ಮನುಷ್ಯರೂಪದಿಂದ ನಡೆದಾಡುತ್ತಿವೆಯೆಂಬದು ಹೆಸರಿನಿಂದಲೇ ತಿಳಿಯುವದು. ಬಾವಿಯಲ್ಲಿ ಜೋತುಬಿದ್ದು ಜೇನಹನಿಗೆ ನಾಲಗೆ ಚಾಚಿದ ಮನುಷ್ಯನ ದೃಷ್ಟಾಂತವನ್ನು ಈ ಭಾಗದಲ್ಲಿ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತ ಬಂದಿರುವರು. ಬೆನ್ನಟ್ಟಿದ ಆನೆಯು ಮೃತ್ಯು, ಬೇರನ್ನು ಕಡಿಯುವ ಬಿಳಿ ಕರಿ ಇಲಿಗಳು ಕಾಲ, ಜೇನಿನ ಹನಿಯು ವಿಷಯಸುಖ. ಮಹಾಭಾರತದಲ್ಲಿಯೂ ಜೈನ ಕಥೆಗಳಲ್ಲಿಯೂ ಇರುವ ಈ ದೃಷ್ಟಾಂತವು ದೇಶದೇಶಗಳನ್ನು ದಾಟಿ ಯುರೋಪದವರೆಗೂ ಹೋಯಿತು. ಬಾವಿಯ ಆಳವೆಷ್ಟು, ಇಲಿಗಳು ಎಷ್ಟು ಎಂದು ಕೇಳಿದವರಿಂದ ಅದು ಅಷ್ಟು ದೂರ ಹೋಗಲಿಲ್ಲ. ‘ಆ ಮನುಷ್ಯನು ನಾನೇ’ ಎಂದು ಬೆಚ್ಚಿದವರಿಂದ ಹೋಯಿತು.

ಹೀಗೆ ಎರಡು ಆಕ್ಷೇಪಗಳಿಗೆ ಉತ್ತರವಾಯಿತು. ಶಾಲೆಯ ವಿಷಯವಾದ ಎರಡನೆಯದನ್ನು ಕೊನೆಗೆ ಉಳಿಸಿಕೊಂಡದ್ದಕ್ಕೆ ಕಾರಣವಿದೆ. ಅದರಲ್ಲಿ ನಾನೂ ಅಪರಾಧಿ.

ನಮ್ಮ ಹತ್ತನೆಯ ಇಯತ್ತೆಯ ಮಕ್ಕಳು ‘ಅಲಂಕಾರವನ್ನು ಹೆಸರಿಸಿ ಸಮನ್ವಯಿಸಿರಿ’ ಎಂಬ ಪ್ರಶ್ನೆಗೆ ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ನಾಲ್ಕು ಕಂಬಗಳನ್ನು ನೆಟ್ಟು ಉತ್ತರವನ್ನು ಕಟ್ಟುವದನ್ನು ಎಲ್ಲರೂ ಬಲ್ಲರು. ಕಂಬಗಳು ಬೇಡವೆಂದು ನಾನು ಹೇಳುವದಿಲ್ಲ. ಲಕ್ಷಣವನ್ನು ಕಲಿಯದವನು ಶಾಸ್ತ್ರಕ್ಕೆ ಹೊರಗಿನವನು. ಆದರೆ ಕಂಬಗಳ ಮೇಲೆ ಮಾಳಿಗೆಯನ್ನು ಹಾಕುವವರು ಯಾರು? ನಾನು ಸೇವೆಯಲ್ಲಿದ್ದಾಗ ಒಂದು ಶಾಲೆಯ ಆಂತರಿಕ ಪರೀಕ್ಷೆಗೆ ಸಣ್ಣದೊಂದು ಕಥೆಯನ್ನು ಬರೆದು ಪ್ರಶ್ನೆಯನ್ನು ತೆಗೆದಿದ್ದೆನು. ಅಣ್ಣತಮ್ಮಂದಿರು ಪಾಲಾಗಿ ಒಂದೇ ಮನೆಯಲ್ಲಿ ಎರಡು ಒಲೆಗಳನ್ನು ಹೂಡಿದರು, ಮುದುಕಿ ತಾಯಿಯು ಕಟ್ಟೆಯ ಮೇಲೆ ಕುಳಿತು ನೋಡುತ್ತಿರಲು ಎರಡೂ ಒಲೆಗಳ ಹೊಗೆಯು ಹಂಚಿನ ಮೇಲೇರಿ ಒಂದಾಗಿ ಹೋಯಿತು, ಇಷ್ಟೇ ಕಥೆ. ಕೊನೆಯ ವಾಕ್ಯವನ್ನು ಕೊಟ್ಟು ಇದರ ಸ್ವಾರಸ್ಯವನ್ನು ಬರೆಯಿರಿ ಎಂದು ಕೇಳಿದ್ದೆನು. ಮಾದರಿ ಉತ್ತರದಲ್ಲಿ ‘ಸ್ವಭಾವೋಕ್ತಿ ಅಲಂಕಾರ, ಇದ್ದುದನ್ನು ಇದ್ದಂತೆ ವರ್ಣಿಸಿದೆ’ ಎಂದು ಬರೆದವನು ನಾನೇ.

ತಂಬಾಕಿನ ಕೂಲಿಯವರ ಮಗಳೊಬ್ಬಳು ಅಲಂಕಾರದ ಹೆಸರನ್ನೇ ಬರೆಯಲಿಲ್ಲ. ಮಕ್ಕಳು ಒಂದಾಗಬೇಕೆಂಬದು ಮುದುಕಿಯ ಆಸೆ, ಅದನ್ನು ಅವಳು ಬಾಯಿಬಿಟ್ಟು ಹೇಳಲಾರಳು, ಮನೆಯೊಳಗೆ ಆಗದ್ದು ಮನೆಯ ಮೇಲೆ ಆಯಿತು, ಎಂದು ತನಗೆ ಬಂದ ಕನ್ನಡದಲ್ಲಿ ಮೂರು ಸಾಲುಗಳನ್ನು ಗೀಚಿದ್ದಳು. ನಾನು ಸೊನ್ನೆಯನ್ನು ಹಾಕಿದೆನು. ಪತ್ರಿಕೆಯನ್ನು ತಿರುಗಿ ಕೊಟ್ಟ ದಿನ ಅವಳು ನನ್ನ ಮೇಜಿನ ಹತ್ತರ ಬಂದು ನಿಂತಳು. ‘ಸರ್, ಅದಕ್ಕ ಹೆಸರು ಏನರೆ ಇರಲ್ರಿ. ಆ ಮುದುಕಿಗೆ ಮನಿ ಒಂದಾಗಬೇಕಂತ ಆಸೆ ಇತ್ತೋ ಇಲ್ಲೋ ಅಷ್ಟ ಹೇಳ್ರಿ’ ಎಂದಳು. ‘ಕೇಳಿದ್ದಕ್ಕೆ ಉತ್ತರ ಬರಿ, ಇಲ್ಲದ್ದನ್ನು ಬರೀಬ್ಯಾಡ’ ಎಂದು ಅವಳನ್ನು ಕಳಿಸಿದೆನು.

ಕೇಳಿದ್ದು ಸ್ವಾರಸ್ಯ, ಉತ್ತರವನ್ನು ಬರೆದವಳು ಅವಳೊಬ್ಬಳೇ. ಇದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ಅಷ್ಟು ಹೊತ್ತಿಗೆ ಅವಳು ಶಾಲೆಯನ್ನು ಬಿಟ್ಟಿದ್ದಳು. ಬಿಟ್ಟದ್ದು ಬಡತನದಿಂದ, ನನ್ನ ಸೊನ್ನೆಯಿಂದಲ್ಲ; ಆದರೆ ಸಾಹಿತ್ಯವೆಂಬದರಿಂದ ಅವಳು ಕೊನೆಗೆ ಕಟ್ಟಿಕೊಂಡು ಹೋದದ್ದು ಆ ಸೊನ್ನೆಯನ್ನೇ. ವಾಚಕರೇ, ಅಲಂಕಾರದ ಹೆಸರನ್ನು ಬಲ್ಲ ನಾನು ಆ ಹೊಗೆಯನ್ನು ಕಾಣಲಿಲ್ಲ. ಹೆಸರನ್ನು ಅರಿಯದ ಅವಳು ಕಂಡಳು. ಇಂಥ ಎಷ್ಟು ಮಕ್ಕಳು ಓದುವ ಧೈರ್ಯವನ್ನು ನಮ್ಮ ಮೇಜಿನ ಮೇಲೆ ಬಿಟ್ಟುಹೋಗಿರುವರು? ಆ ಗೃಹಸ್ಥರಿಗೆ ಅಲಂಕಾರವು ನಿರುಪಯೋಗವೆಂದು ತೋರಿದ್ದರೆ ತಪ್ಪು ಅವರದಲ್ಲ. ಅವರಿಗೂ ಯಾರೋ ನನ್ನಂಥ ಮಾಸ್ತರನೇ ಕಲಿಸಿರಬೇಕು.

ಇನ್ನು ನಾನು ಮುಂದೆ ಹೇಳುವೆನೆಂದ ಮುನಿಸು. ನೆಟ್ಟಗಿನ ಓದಿನ ಎದುರು ದಂಡೆಯಲ್ಲಿ ಇನ್ನೊಂದು ರೋಗವಿದೆ. ಕೆಲವರಿಗೆ ಕಥೆಯಲ್ಲಿ ಎಮ್ಮೆ ಬಂದರೆ ಅದು ಎಮ್ಮೆಯಲ್ಲ. ಯಾವದೋ ತತ್ತ್ವದ ಸಂಕೇತ. ಬಾಗಿಲು ತೆರೆದರೆ ಮುಕ್ತಿ, ಮುಚ್ಚಿದರೆ ಬಂಧನ. ಈ ಸಂಕೇತಬೇಟೆಯವರು ಪುಸ್ತಕದಲ್ಲಿ ತಾವು ಹೂತಿಟ್ಟದ್ದನ್ನೇ ಅಗೆದು ತೆಗೆದು ಸಭೆಗೆ ತೋರಿಸುವರು. ಇವರನ್ನು ಕಂಡೇ ಸಾಮಾನ್ಯರು ‘ನೆಟ್ಟಗೆ ಹೇಳಿದರೆ ಸಾಕು’ ಎಂದು ಬೇಸತ್ತಿರುವದೂ ಸುಳ್ಳಲ್ಲ. ಶಾಸ್ತ್ರವು ಇವರಿಗೂ ಅಂಕುಶವನ್ನಿಟ್ಟಿದೆ. ಮುಖ್ಯಾರ್ಥಕ್ಕೆ ಬಾಧೆಯಿಲ್ಲದೆ ಲಕ್ಷಣೆಯಿಲ್ಲ. ಪ್ರಕರಣದ ಬೆಂಬಲವಿಲ್ಲದೆ ವ್ಯಂಗ್ಯವಿಲ್ಲ.

ಆದ್ದರಿಂದ ಕಾದಂಬರಿಯನ್ನು ಓದುವವನು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಲಿ. ಮೊದಲನೆಯದಾಗಿ, ಇಲ್ಲಿ ನಡೆದದ್ದೇನು, ಹೇಳುತ್ತಿರುವವರು ಯಾರು? ವಾಚ್ಯಾರ್ಥವನ್ನು ಬಿಟ್ಟು ಹಾರಿದವನಿಗೆ ಕಾಲೂರಲು ನೆಲವಿಲ್ಲ. ಎರಡನೆಯದಾಗಿ, ಈ ವಸ್ತುವಿನ ಮೇಲೆ ಲೇಖಕನು ಕಥೆಗೆ ಬೇಕಾದುದಕ್ಕಿಂತ ಹೆಚ್ಚು ಒತ್ತು ಕೊಟ್ಟಿರುವನೇ? ಮರಳಿ ಮರಳಿ ತಂದಿರುವನೇ, ಹೆಸರಿನಲ್ಲಿಟ್ಟಿರುವನೇ, ಕೊನೆಯಲ್ಲಿ ನಿಲ್ಲಿಸಿರುವನೇ? ಮೂರನೆಯದಾಗಿ, ನನಗೆ ಹೊಳೆದ ಅರ್ಥವನ್ನು ತೆಗೆದುಹಾಕಿದರೆ ಕಥೆಗೆ ನಷ್ಟವುಂಟೇ? ಇಲ್ಲವಾದರೆ ಆ ಅರ್ಥವು ಓದುಗನದು, ಪುಸ್ತಕದ್ದಲ್ಲ. ಚೋಮನ ದುಡಿಯು ಈ ಮೂರು ಪರೀಕ್ಷೆಗಳಲ್ಲಿಯೂ ಗೆಲ್ಲುವದು. ದಾರಿಯಲ್ಲಿ ಹಾಯ್ದುಹೋದ ಎಮ್ಮೆಯು ಗೆಲ್ಲಲಾರದು. ಅದನ್ನು ಮೇಯಲಿಕ್ಕೆ ಬಿಡತಕ್ಕದ್ದು.

ಮಾಸ್ತರರಲ್ಲಿ ನನ್ನ ವಿಜ್ಞಾಪನೆ ಇಷ್ಟು: ಅರ್ಥವನ್ನು ಮೊದಲು ಕೇಳಿರಿ, ಹೆಸರನ್ನು ಆಮೇಲೆ ಕೇಳಿರಿ, ಅರ್ಥವನ್ನು ಬರೆದು ಹೆಸರನ್ನು ಮರೆತ ಮಗುವಿಗೆ ಸೊನ್ನೆಯನ್ನು ಹಾಕಬೇಡಿರಿ. ಮನೆಯ ಹಿರಿಯರಲ್ಲಿ ವಿಜ್ಞಾಪನೆ: ವಾರಕ್ಕೆ ಒಂದು ಸಂಜೆಯಾದರೂ ಒಂದು ಕಥೆಯನ್ನು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ಓದಿಸಿರಿ, ಮುಗಿದ ಮೇಲೆ ‘ನೀತಿ ಏನು’ ಎಂದು ಕೇಳದೆ ‘ಇದನ್ನು ಇಲ್ಲಿ ಹೀಗೇಕೆ ಹೇಳಿದ’ ಎಂದು ಕೇಳಿರಿ. ಮಕ್ಕಳು ಕೊಡುವ ಉತ್ತರಗಳು ನಮ್ಮ ಪಾಂಡಿತ್ಯವನ್ನು ನಾಚಿಸುವವು.

ಆ ಗೃಹಸ್ಥರು ಈ ಲೇಖವನ್ನು ಓದಿದರೆ ಮುಂದಿನ ಗೋಷ್ಠಿಗೆ ಅವಶ್ಯವಾಗಿ ಬರಬೇಕೆಂದು ಪ್ರಾರ್ಥಿಸುತ್ತೇನೆ. ಅಂದು ಅವರು ತಮ್ಮ ಭಾಷಣದ ಕೊನೆಗೆ ‘ಈ ಅಲಂಕಾರಗಳ ಭೂತವನ್ನು ಕಾದಂಬರಿಯಿಂದ ಬಿಡಿಸಬೇಕು’ ಎಂದಿದ್ದರು. ಭೂತವೆಂಬದು ಅಲ್ಲಿ ರೂಪಕವಾಗಿತ್ತು. ಅದನ್ನು ಸಭೆಯಲ್ಲಿ ಯಾರೂ ನಿಜವಾದ ಭೂತವೆಂದು ತಿಳಿದು ಹೆದರಲಿಲ್ಲ. ಎಲ್ಲರಿಗೂ ಅರ್ಥವಾಗಿ ಚಪ್ಪಾಳೆಯನ್ನೂ ತಟ್ಟಿದರು. ಅವರ ಮತಕ್ಕೆ ಅವರ ಮಾತೇ ಕೊಟ್ಟ ಈ ಉತ್ತರಕ್ಕಿಂತ ಬಲವಾದದ್ದನ್ನು ನಾನು ಕೊಡಲಾರೆನು.